ಬಿಟ್ಟ ಪೀಠ, ಏರಿದ ಪೀಠ

ಒಂದು ಕುಟುಂಬದಲ್ಲಿ ಆಸ್ತಿ ಪಾಲಾಗಬೇಕಾಗಿದೆ ಎಂದು ಭಾವಿಸಿ. ತಂದೆತಾಯಿ ಗತಿಸಿದ್ದಾರೆ. ಪಾಲು ಮಾಡಿಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ದೃಷ್ಟಿಯೂ ಹಿರಿಯಣ್ಣನ ಕಡೆಗೆ ಹೊರಳುತ್ತದೆ. ಅವರು ಓದಿದವರು, ಲೆಕ್ಕ ಬಲ್ಲವರು, ನಾಲ್ಕು ಜನರ ನಡುವೆ ಮಾತು ಉಳಿಸಿಕೊಂಡವರು. ಆದರೆ ಹಿಂದೊಮ್ಮೆ ಅವರಿಗೆ ಸಲ್ಲಬೇಕಾಗಿದ್ದ ಅಂಗಡಿಯನ್ನು ತಮ್ಮನೊಬ್ಬ ಉಪಾಯದಿಂದ ತನ್ನ ಹೆಸರಿಗೆ ಬರೆಸಿಕೊಂಡದ್ದನ್ನು ಮನೆಮಂದಿಯೆಲ್ಲ ಬಲ್ಲರು. ಈಗ ಆ ತಮ್ಮನದೇ ಮತ್ತೊಂದು ತಕರಾರು ಆ ಅಣ್ಣನ ಮುಂದೆ ಬಂದು ನಿಂತಿದೆ. ಅಣ್ಣ ಪಂಚಾಯಿತಿಯ ಚಾಪೆಯ ಮೇಲೆ ಕೂರಬಹುದೇ? ಅಥವಾ, ‘ಇದರಲ್ಲಿ ನನ್ನನ್ನು ಸೇರಿಸಬೇಡಿ’ ಎಂದು ಎದ್ದು ಹೋಗುವುದೇ ಅವರಿಗೆ ಶೋಭೆಯೇ?

ಇದು ನಮ್ಮ ಮೂಡಲಪಾಳ್ಯದ ಯಾವುದೇ ಬೀದಿಯಲ್ಲಿ ಹುಟ್ಟಬಹುದಾದ ಪ್ರಶ್ನೆ. ದೇಶದ ಅತ್ಯುನ್ನತ ಪೀಠಗಳಲ್ಲಿಯೂ ಅದು ಹುಟ್ಟಿದ್ದುಂಟು. ನಾವಿಂದು ಗೋವಿಂದರಾಜನಗರ ವಿಧಾನಸಭಾ ಕ್ಷೇತ್ರದವರು; ಲೋಕಸಭೆಗೆ ಬೆಂಗಳೂರು ದಕ್ಷಿಣ ಕ್ಷೇತ್ರಕ್ಕೆ ಸೇರಿದವರು. 1977ರಲ್ಲಿ ಆ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಹೋದವರೊಬ್ಬರ ಜೀವನದಲ್ಲಿ ಈ ಪ್ರಶ್ನೆ ಎಷ್ಟು ತೀಕ್ಷ್ಣವಾಗಿ ಎದುರಾಯಿತೆಂದರೆ, ಅದನ್ನು ಇಂದು ನೆನೆದರೂ ಸುಲಭವಾದ ಉತ್ತರ ದೊರೆಯುವುದಿಲ್ಲ. ಅವರೇ ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆ. ಇಂದಿನ ಎಳೆಯರು ಅವರ ಹೆಸರನ್ನು ಮಂಗಳೂರಿನ ದೇರಳಕಟ್ಟೆಯ ಆಸ್ಪತ್ರೆಯ ಫಲಕದ ಮೇಲೆ ಮಾತ್ರ ಕಂಡಿರಬಹುದು.

ಹೆಗ್ಡೆಯವರು 1909ರ ಜೂನ್ 11ರಂದು ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಜನಿಸಿದರು. ಊರಿನ ಪ್ರಾಥಮಿಕ ಶಾಲೆ, ಕಾರ್ಕಳದ ಬೋರ್ಡ್ ಹೈಸ್ಕೂಲು, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಬಳಿಕ ಮದ್ರಾಸು. ದಕ್ಷಿಣ ಕನ್ನಡದ ಬುದ್ಧಿವಂತ ಹುಡುಗರು ಅಂದು ನಡೆಯುತ್ತಿದ್ದ ಹಾದಿಯೇ ಇದು. 1933ರಲ್ಲಿ ವಕೀಲರಾದರು. ಸ್ವಾತಂತ್ರ್ಯಾನಂತರ ಕೆಲವು ಕಾಲ ಸರಕಾರಿ ವಕೀಲರಾಗಿದ್ದು, 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಆಯ್ಕೆಯಾದರು. 1957ರಲ್ಲಿ ಆ ಸ್ಥಾನವನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟು ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಾಧೀಶರು ಇವರೇ. ಅಲ್ಲಿ ಅವರ ಜೊತೆಗಿದ್ದ ನ್ಯಾಯಾಧೀಶರಲ್ಲಿ ಎಚ್. ಆರ್. ಖನ್ನಾ ಎಂಬವರೊಬ್ಬರಿದ್ದರು, ಅವರ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 1967ರ ಜುಲೈಯಲ್ಲಿ ಹೆಗ್ಡೆಯವರು ಸುಪ್ರೀಂ ಕೋರ್ಟಿಗೆ ಹೋದರು.

ಅದು ಸರಕಾರಕ್ಕೂ ನ್ಯಾಯಾಲಯಕ್ಕೂ ತಿಕ್ಕಾಟ ಬೆಳೆಯುತ್ತಿದ್ದ ಕಾಲ. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾನೂನನ್ನು ಹನ್ನೊಂದು ನ್ಯಾಯಮೂರ್ತಿಗಳ ಪೀಠದಲ್ಲಿ ಹತ್ತು ಮಂದಿ ಅಸಿಂಧುವೆಂದರು. ಹೆಗ್ಡೆಯವರು ಆ ಹತ್ತರಲ್ಲಿ ಒಬ್ಬರು. ಭಿನ್ನಮತ ಬರೆದ ಏಕೈಕ ನ್ಯಾಯಮೂರ್ತಿ ಅಜಿತ್ ನಾಥ್ ರೇ. 1972ರಲ್ಲಿ, ಪ್ರಧಾನಿ ಇಂದಿರಾ ಗಾಂಧಿಯವರ ರಾಯ್‌ಬರೇಲಿ ಆಯ್ಕೆಯ ವಿರುದ್ಧ ರಾಜ್ ನಾರಾಯಣರು ಹೂಡಿದ್ದ ತಕರಾರು ಅರ್ಜಿಯ ಒಂದು ಮಧ್ಯಂತರ ಅಂಶವು ಹೆಗ್ಡೆಯವರಿದ್ದ ಪೀಠದ ಮುಂದೆ ಬಂದು, ತೀರ್ಪು ಪ್ರಧಾನಿಯವರಿಗೆ ಹಿತವಾಗುವಂತೆ ಬರಲಿಲ್ಲ.

ಆಮೇಲೆ ಬಂದದ್ದು ಕಾಸರಗೋಡಿನ ಎಡನೀರು ಮಠದ ಮೊಕದ್ದಮೆ. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನಿಗೆ ಬಂದ ಕುತ್ತನ್ನು ಪ್ರಶ್ನಿಸಿ, ಕನ್ನಡ ನಾಡಿನ ಗಡಿಯಾಚೆ ಕನ್ನಡವನ್ನೂ ಯಕ್ಷಗಾನವನ್ನೂ ಪೋಷಿಸುತ್ತಿದ್ದ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ನ್ಯಾಯಾಲಯದ ಬಾಗಿಲು ತಟ್ಟಿದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತದಿಂದ ಹೊರಬಿದ್ದ ತೀರ್ಪು, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದು ಸಾರಿತು. ಆ ಏಳರಲ್ಲಿ ಹೆಗ್ಡೆಯವರೂ ಇದ್ದರು, ಖನ್ನಾ ಅವರೂ ಇದ್ದರು. ರೇ ಅವರು ಉಳಿದ ಆರು ಮಂದಿಯಲ್ಲಿದ್ದರು.

ಮರುದಿನ ಸಂಜೆ ಹೊಸ ಮುಖ್ಯ ನ್ಯಾಯಮೂರ್ತಿಗಳ ಹೆಸರು ಪ್ರಕಟವಾಯಿತು. ಸೇವಾ ಹಿರಿತನದ ಪ್ರಕಾರ ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಮುಂದಿದ್ದರು. ಮೂವರೂ ಬಹುಮತದ ತೀರ್ಪಿನಲ್ಲಿದ್ದವರು. ಮೂವರನ್ನೂ ದಾಟಿ ನಾಲ್ಕನೆಯವರಾದ ರೇ ಅವರನ್ನು ಸರಕಾರ ಪೀಠಕ್ಕೇರಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರ ರಾಜೀನಾಮೆಯ ದಿನಾಂಕ 1973ರ ಏಪ್ರಿಲ್ 30.

ಇಲ್ಲಿ ಸ್ವಲ್ಪ ನಿಲ್ಲೋಣ. ರಾಜೀನಾಮೆಯೆಂಬುದು ನಮಗೆ ಅಪರಿಚಿತವಾದುದಲ್ಲ. ಸಂಘದ ಸಭೆಯಲ್ಲಿ ತಮ್ಮ ಮಾತು ನಡೆಯಲಿಲ್ಲವೆಂದು ಕಾಗದ ಬರೆದುಕೊಟ್ಟು ಹೊರನಡೆಯುವವರನ್ನು ಎಲ್ಲ ಊರುಗಳಲ್ಲಿಯೂ ಕಾಣುತ್ತೇವೆ. ಮೂರನೆಯ ದಿನ ಯಾರಾದರೂ ಮನೆಗೆ ಬಂದು ಕರೆಯಲಿ ಎಂಬ ಆಸೆ ಆ ಕಾಗದದ ಮಡಿಕೆಯಲ್ಲಿಯೇ ಇರುತ್ತದೆ. ನೊಂದ ಅಭಿಮಾನದ ರಾಜೀನಾಮೆಯನ್ನೂ ಆತ್ಮಸಾಕ್ಷಿಯ ರಾಜೀನಾಮೆಯನ್ನೂ ಹೊರಗಿನಿಂದ ನೋಡಿ ಬೇರ್ಪಡಿಸುವುದು ಹೇಗೆ? ನನಗೆ ತೋಚುವ ಒಂದು ಗುರುತು ಹೀಗಿದೆ: ತೊರೆದವರು ಏನನ್ನು ಉಳಿಸಿಕೊಳ್ಳಬಹುದಾಗಿತ್ತು, ಉಳಿದಿದ್ದರೆ ಯಾವುದಕ್ಕೆ ಒಪ್ಪಿಗೆ ಕೊಟ್ಟಂತಾಗುತ್ತಿತ್ತು ಎಂದು ನೋಡಬೇಕು. ಹೆಗ್ಡೆಯವರಿಗೆ ಅರವತ್ತೈದು ತುಂಬಲು ಇನ್ನೂ ಒಂದು ವರ್ಷಕ್ಕೆ ಮೇಲಿತ್ತು. ಹಿರಿತನದ ಕ್ರಮ ನಡೆದಿದ್ದರೆ ಶೆಲತ್ ಅವರ ಬಳಿಕ, 1973ರ ಜುಲೈಯಿಂದ ಸುಮಾರು ಹನ್ನೊಂದು ತಿಂಗಳು, ಅವರೇ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿರುತ್ತಿದ್ದರು. ಆ ಹನ್ನೊಂದು ತಿಂಗಳು ರಾಜೀನಾಮೆಗೆ ಮುಂಚೆಯೇ ಕೈಬಿಟ್ಟುಹೋಗಿದ್ದವು. ಉಳಿದಿದ್ದುದು ಸಾಮಾನ್ಯ ನ್ಯಾಯಮೂರ್ತಿಯ ಕುರ್ಚಿ, ಅದರ ಸಂಬಳ, ದೆಹಲಿಯ ಬಂಗಲೆ. ಅವನ್ನು ಉಳಿಸಿಕೊಂಡಿದ್ದರೆ, ತೀರ್ಪು ಹಿಡಿಸದಿದ್ದರೆ ನ್ಯಾಯಾಧೀಶರನ್ನು ಬದಿಗೊತ್ತಬಹುದು ಎಂಬ ಪದ್ಧತಿಗೆ ಮೌನ ಸಮ್ಮತಿಯಾಗುತ್ತಿತ್ತು.

ಆದರೆ ಸರಕಾರದ ಕಡೆಯ ವಾದವನ್ನೂ ಕೇಳಬೇಕಲ್ಲವೇ? ಸಂಸತ್ತಿನಲ್ಲಿ ಅದನ್ನು ಸಮರ್ಥಿಸಿದವರು ಸಚಿವ ಮೋಹನ್ ಕುಮಾರಮಂಗಲಂ. ನ್ಯಾಯಾಧೀಶರಿಗೂ ಒಂದು ಸಾಮಾಜಿಕ ದೃಷ್ಟಿಯಿರುತ್ತದೆ, ಮುಖ್ಯ ನ್ಯಾಯಮೂರ್ತಿಯನ್ನು ಆರಿಸುವಾಗ ಸರಕಾರ ಅದನ್ನು ಗಮನಿಸುವುದು ತಪ್ಪಲ್ಲ ಎಂಬುದು ಅವರ ವಾದದ ತಿರುಳಾಗಿತ್ತು. ಈ ವಾದದ ಮೊದಲರ್ಧದಲ್ಲಿ ಸತ್ಯವಿದೆ. ನ್ಯಾಯಪೀಠದಲ್ಲಿ ಕೂರುವವರು ಕಲ್ಲಿನ ವಿಗ್ರಹಗಳಲ್ಲ. ಹೆಗ್ಡೆಯವರೇ ಒಂದು ಪಕ್ಷದ ಸಂಸದರಾಗಿದ್ದು ಬಂದವರು. ಎರಡನೆಯ ಅರ್ಧ ಮಾತ್ರ ಅಪಾಯಕಾರಿ. ದೃಷ್ಟಿಯನ್ನು ಅಳೆಯುವ ಕೋಲು ಸರಕಾರದ ಕೈಯಲ್ಲಿದ್ದರೆ, ನಾಳೆ ಆ ಸರಕಾರದ ವಿರುದ್ಧವೇ ದಾವೆ ಹೂಡುವ ಬಡವನಿಗೆ ಯಾವ ಧೈರ್ಯ ಉಳಿಯುತ್ತದೆ?

ನಾಲ್ಕು ವರ್ಷಗಳು ಕಳೆದವು. ತುರ್ತು ಪರಿಸ್ಥಿತಿ ಬಂದು ಹೋಯಿತು. 1977ರ ಮಾರ್ಚಿಯ ಚುನಾವಣೆಯಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ಕೊಚ್ಚಿಹೋದರೂ ಕರ್ನಾಟಕ ಬೇರೆಯೇ ಹಾದಿ ಹಿಡಿದು, 28 ಸ್ಥಾನಗಳಲ್ಲಿ 26ನ್ನು ಅದಕ್ಕೇ ಕೊಟ್ಟಿತು. ಉಳಿದ ಎರಡರಲ್ಲಿ ಒಂದು ಹೆಗ್ಡೆಯವರದು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಅದುವರೆಗೆ ಪ್ರತಿನಿಧಿಸಿದ್ದ ಬೆಂಗಳೂರು ನಗರದ ಮತದಾರರು ಈ ಸಲ ಪೀಠ ತೊರೆದ ನ್ಯಾಯಾಧೀಶರನ್ನು ದೆಹಲಿಗೆ ಕಳುಹಿಸಿದ್ದರು.

ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಹುದ್ದೆಗೆ ಹೊರಟು ಲೋಕಸಭೆಯ ಅಧ್ಯಕ್ಷಸ್ಥಾನ ತೆರವಾದಾಗ, 1977ರ ಜುಲೈ 21ರಂದು ಹೆಗ್ಡೆಯವರು ಅವಿರೋಧವಾಗಿ ಆ ಸ್ಥಾನಕ್ಕೆ ಆಯ್ಕೆಯಾದರು. ಒಂದು ಪೀಠವನ್ನು ತೊರೆದವರು ಇನ್ನೊಂದು ಪೀಠವನ್ನು ಏರಿದರು. ಕಥೆ ಇಲ್ಲಿಗೇ ಮುಗಿದಿದ್ದರೆ ಮಕ್ಕಳ ಪಠ್ಯಕ್ಕೆ ಒಳ್ಳೆಯ ಪಾಠವಾಗುತ್ತಿತ್ತು. ಆದರೆ ಮುಗಿಯಲಿಲ್ಲ.

1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ನಮ್ಮದೇ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಮರಳಿದರು. ಅವರು ಬರುವಷ್ಟರಲ್ಲಿ ಹಕ್ಕುಬಾಧ್ಯತಾ ಸಮಿತಿಯ ಮುಂದೆ ಅವರ ಮೇಲೊಂದು ಆರೋಪ ವಿಚಾರಣೆಯಲ್ಲಿತ್ತು. ಹಿಂದಿನ ಲೋಕಸಭೆಯಲ್ಲಿ ಮಾರುತಿ ಕಂಪನಿಯ ಬಗ್ಗೆ ಕೇಳಲಾದ ಪ್ರಶ್ನೆಗೆ ಉತ್ತರ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅವರು ಅಡ್ಡಿಪಡಿಸಿ ಕಿರುಕುಳ ಕೊಡಿಸಿದರು ಎಂಬುದು ಆರೋಪ. ಸಮಿತಿ ಅವರನ್ನು ತಪ್ಪಿತಸ್ಥರೆಂದಿತು. ಡಿಸೆಂಬರ್ 19ರಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರ ಗೊತ್ತುವಳಿಯನ್ನು ಸದನ 279–138 ಮತಗಳಿಂದ ಅಂಗೀಕರಿಸಿತು. ಇಂದಿರಾ ಅವರ ಸದಸ್ಯತ್ವ ಹೋಯಿತು. ಅಧಿವೇಶನ ಮುಗಿಯುವವರೆಗೆ ಸೆರೆಮನೆವಾಸ. ತಿಹಾರ್ ಜೈಲಿನಲ್ಲಿ ಅವರು ಒಂದು ವಾರ ಕಳೆದರು. ಆ ಸದನದ ಅಧ್ಯಕ್ಷರು ಹೆಗ್ಡೆಯವರು. ಇಂಥ ನಿರ್ಣಯದ ಮೇಲೆ ಆದೇಶ ಹೊರಡುವುದು ಅಧ್ಯಕ್ಷರ ಹೆಸರಿನಲ್ಲಿಯೇ.

ಈಗ ನಮ್ಮ ಹಿರಿಯಣ್ಣನ ಚಾಪೆಗೆ ಬರೋಣ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಕೂಡದು ಎಂಬುದು ನ್ಯಾಯಶಾಸ್ತ್ರದ ಹಳೆಯ ನಿಯಮ. ಈ ನಿಯಮದ ಅಕ್ಷರವನ್ನು ಹಿಡಿದು ನೋಡಿದರೆ ಹೆಗ್ಡೆಯವರ ಮೇಲೆ ದೋಷವಿಲ್ಲ. ಮಾರುತಿಯ ವಿಷಯಕ್ಕೂ 1973ರ ಅನ್ಯಾಯಕ್ಕೂ ಸಂಬಂಧವಿಲ್ಲ. ತೀರ್ಮಾನ ಕೊಟ್ಟದ್ದು ಸದನ, ಅಧ್ಯಕ್ಷರಲ್ಲ. ಮತಗಳು ಸಮವಾದಾಗಲ್ಲದೆ ಅಧ್ಯಕ್ಷರು ಮತ ಹಾಕುವ ಹಾಗೂ ಇಲ್ಲ.

ಆದರೆ ಅಕ್ಷರ ಸಾಲದು. 1923ರಲ್ಲಿ ಇಂಗ್ಲೆಂಡಿನ ಸಸೆಕ್ಸಿನಲ್ಲಿ ಒಂದು ಮೋಟಾರ್ ಸೈಕಲ್ ಅಪಘಾತದ ಮೊಕದ್ದಮೆ ನಡೆಯಿತು. ತೀರ್ಪು ಯೋಚಿಸಲು ಮ್ಯಾಜಿಸ್ಟ್ರೇಟರು ಒಳಕೋಣೆಗೆ ಹೋದಾಗ ನ್ಯಾಯಾಲಯದ ಗುಮಾಸ್ತರೂ ಜೊತೆಯಲ್ಲಿ ಹೋದರು. ಅದೇ ಅಪಘಾತಕ್ಕೆ ಪರಿಹಾರ ಕೇಳುತ್ತಿದ್ದ ಎದುರು ಕಡೆಯವರ ವಕೀಲರ ಕಚೇರಿಯಲ್ಲಿ ಆ ಗುಮಾಸ್ತರೂ ಪಾಲುದಾರರು. ಒಳಗೆ ಅವರು ಬಾಯಿಯನ್ನೇ ತೆರೆಯಲಿಲ್ಲ. ಅದನ್ನು ಎಲ್ಲರೂ ಒಪ್ಪಿದರು. ಹಾಗಿದ್ದರೂ ಮೇಲಿನ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ಆತ ಏನು ಮಾಡಿದ ಎಂಬುದಕ್ಕಿಂತ ಹೊರಗೆ ನಿಂತವನಿಗೆ ಏನೆಂದು ಕಾಣುತ್ತದೆ ಎಂಬುದೇ ಅಲ್ಲಿ ಮುಖ್ಯವಾಯಿತು. ಆ ಡಿಸೆಂಬರಿನಲ್ಲಿ ಹೊರಗೆ ನಿಂತು ನೋಡುತ್ತಿದ್ದ ಚಿಕ್ಕಮಗಳೂರಿನ ಕಾಫಿತೋಟದ ಕೂಲಿಯಾಳಿಗೆ, ತಾನು ಮತ ಹಾಕಿ ಕಳುಹಿಸಿದವರು ಎರಡು ತಿಂಗಳೊಳಗೆ ಹೊರದೂಡಲ್ಪಟ್ಟಾಗ, ಪೀಠದಲ್ಲಿದ್ದವರು ಹಿಂದೊಮ್ಮೆ ಅವರಿಂದಲೇ ಪೀಠ ಕಳೆದುಕೊಂಡವರೆಂದು ತಿಳಿದರೆ ಹೇಗೆ ಕಂಡಿದ್ದೀತು?

ಇಲ್ಲಿ ಖನ್ನಾ ಅವರನ್ನು ನೆನೆಯಬೇಕು. ತುರ್ತು ಪರಿಸ್ಥಿತಿಯಲ್ಲಿ, ಬಂಧಿತನಿಗೆ ನ್ಯಾಯಾಲಯದ ಬಾಗಿಲು ಮುಚ್ಚಿದೆಯೆಂದು ಸುಪ್ರೀಂ ಕೋರ್ಟಿನ ನಾಲ್ವರು 1976ರಲ್ಲಿ ಹೇಳಿದಾಗ, ಇಲ್ಲವೆಂದ ಐದನೆಯವರು ಅವರೊಬ್ಬರೇ. 1977ರ ಜನವರಿಯಲ್ಲಿ ಅವರನ್ನೂ ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಅವರೂ ರಾಜೀನಾಮೆ ಕೊಟ್ಟರು. ಸರಕಾರ ಬದಲಾದ ಮೇಲೆ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸುವ ಆಯೋಗದ ಮುಖ್ಯಸ್ಥರಾಗಿ ಎಂದು ಅವರನ್ನು ಕೇಳಲಾಯಿತು. ನೊಂದವನು ತಾನು, ತನ್ನ ವಿಚಾರಣೆ ಪಕ್ಷಪಾತವೆಂದು ಕಂಡೀತು ಎಂದು ಅವರು ನಿರಾಕರಿಸಿದರು. ಆ ಕೆಲಸ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ. ಸಿ. ಶಾ ಅವರಿಗೆ ಹೋಯಿತು. ದೆಹಲಿ ಹೈಕೋರ್ಟಿನಲ್ಲಿ ಒಂದೇ ಕಾಲದಲ್ಲಿ ಕೂತವರು, ಒಂದೇ ತೀರ್ಪಿಗೆ ಸಹಿ ಹಾಕಿದವರು, ಒಂದೇ ಬಗೆಯ ಪೆಟ್ಟು ತಿಂದವರು. ಒಬ್ಬರು ಪೀಠವನ್ನು ಒಪ್ಪಿದರು, ಇನ್ನೊಬ್ಬರು ಒಲ್ಲೆನೆಂದರು.

ಹಾಗಾದರೆ ಖನ್ನಾ ಅವರದೇ ಸರಿ ಎಂದು ಲೇಖನ ಮುಗಿಸಿಬಿಡಬಹುದೇ? ನನ್ನ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನೊಂದವರೆಲ್ಲ ಪೀಠಕ್ಕೆ ಅನರ್ಹರು ಎಂದು ಒಮ್ಮೆ ನಿಶ್ಚಯವಾದರೆ ಏನಾಗುತ್ತದೆಂದು ಯೋಚಿಸಿ. ಬಾಗಿದವರು ನೋಯಲಿಲ್ಲ, ಆದುದರಿಂದ ಅವರು ನಿಷ್ಪಕ್ಷಪಾತಿಗಳೆನಿಸುತ್ತಾರೆ. ನೆಟ್ಟಗೆ ನಿಂತವರು ಪೆಟ್ಟು ತಿಂದರು. ಆದುದರಿಂದ ಅವರು ಪಕ್ಷಪಾತಿಗಳೆನಿಸುತ್ತಾರೆ. ಅನ್ಯಾಯ ಮಾಡಿದವನಿಗೆ ಒಂದೇ ಏಟಿನಲ್ಲಿ ಎರಡು ಲಾಭ: ಎದುರಾಳಿಯನ್ನು ಇಂದಿನ ಕುರ್ಚಿಯಿಂದ ಇಳಿಸಿದ್ದೂ ಆಯಿತು, ನಾಳೆಯ ಕುರ್ಚಿಗೆ ಅಯೋಗ್ಯನನ್ನಾಗಿ ಮಾಡಿದ್ದೂ ಆಯಿತು. ಮನೆಯಲ್ಲಿಯೂ ಹಾಗೆಯೇ. ಮೋಸ ಹೋದ ಅಣ್ಣ ಪಂಚಾಯಿತಿಗೆ ಬರಬಾರದು, ಮೋಸವನ್ನು ಕಂಡೂ ಸುಮ್ಮನಿದ್ದ ಚಿಕ್ಕಪ್ಪ ಬರಬಹುದು ಎಂದರೆ ಅದು ಯಾವ ನ್ಯಾಯ?

ಆದಿಕಾಂಡದ ಜೋಸೆಫನೂ ಅಂಥ ಪೀಠದಲ್ಲಿ ಕೂತವನೇ. ತನ್ನನ್ನು ಮಾರಿದ ಅಣ್ಣಂದಿರು ಧಾನ್ಯಕ್ಕಾಗಿ ಬಂದು ಎದುರು ನಿಂತಾಗ ಅವನು ಎದ್ದುಹೋಗಲಿಲ್ಲ. ಆದರೆ ಒಂದನ್ನು ಗಮನಿಸಿ: ಅವನು ತನ್ನ ಗುರುತನ್ನು ಬಹಳ ಹೊತ್ತು ಮರೆಮಾಡಿದನು, ಬೆನ್ಯಾಮಿನನ ಚೀಲದಲ್ಲಿ ಬೆಳ್ಳಿಯ ಬಟ್ಟಲನ್ನು ಇರಿಸಿ ಅವರನ್ನು ಪರೀಕ್ಷಿಸಿದನು, ಒಳಗೆ ಹೋಗಿ ಅತ್ತನು. ನೊಂದವನ ಕೈಗೆ ಅಧಿಕಾರ ಬಂದಾಗ ಒಳಗೆ ಏನೇನು ನಡೆಯುತ್ತದೆ ಎಂಬುದನ್ನು ಆ ಪುಟಗಳು ಮುಚ್ಚಿಡುವುದಿಲ್ಲ.

ಹೆಗ್ಡೆಯವರ ಪರವಾಗಿ ಇನ್ನೂ ಒಂದು ಮಾತಿದೆ. ಅಧ್ಯಕ್ಷಸ್ಥಾನಕ್ಕೆ ಅವರ ಆಯ್ಕೆ ಅವಿರೋಧವಾಗಿತ್ತು. 1973ರ ಘಟನೆ ಯಾರಿಗೂ ಗುಟ್ಟಾಗಿರಲಿಲ್ಲ. ಕಾಂಗ್ರೆಸ್ಸಿನ ಸದಸ್ಯರೂ ಅದನ್ನು ತಿಳಿದೇ ಸಮ್ಮತಿಸಿದ್ದರು. ನ್ಯಾಯಾಧೀಶರ ಸಂಬಂಧವೇನೆಂದು ತಿಳಿದೂ ಆಕ್ಷೇಪಿಸದ ಕಕ್ಷಿದಾರ ಬಳಿಕ ಆಕ್ಷೇಪಿಸಲಾಗದು ಎಂಬುದು ನ್ಯಾಯಾಲಯಗಳು ಒಪ್ಪುವ ಮಾತು. ಆದರೂ ಇಲ್ಲೊಂದು ತೊಡಕು ಉಳಿಯುತ್ತದೆ. ಪಕ್ಷದ ಸಮ್ಮತಿ ಬೇರೆ, ಆ ವ್ಯಕ್ತಿಯ ಸಮ್ಮತಿ ಬೇರೆ. ಆ ಜುಲೈಯಲ್ಲಿ ಇಂದಿರಾ ಅವರು ಸದನದಲ್ಲಿರಲೇ ಇಲ್ಲ.

ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಹೆಗ್ಡೆಯವರು ಅಧ್ಯಕ್ಷರಾದದ್ದು ಸರಿ. ಪೆಟ್ಟು ತಿಂದವರೆಂಬ ಕಾರಣಕ್ಕೆ ಅವರನ್ನು ದೂರವಿಡುವುದು ಎರಡನೆಯ ಅನ್ಯಾಯವಾಗುತ್ತಿತ್ತು. ಆದರೆ ಆ ಒಂದು ಗೊತ್ತುವಳಿಗೆ ಸಂಬಂಧಿಸಿದ ಎಲ್ಲ ಹೆಜ್ಜೆಗಳಿಂದ ಹಿಂದೆ ಸರಿದು, ಅದನ್ನು ಉಪಾಧ್ಯಕ್ಷ ಗೋಡೆ ಮುರಹರಿಯವರಿಗೆ ಬಹಿರಂಗವಾಗಿ ವಹಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಫಲಿತಾಂಶ ಬೇರೆಯಾಗುತ್ತಿರಲಿಲ್ಲ, ಬಹುಮತ ಅಷ್ಟೇ ಇತ್ತು. ಪೀಠ ಮಾತ್ರ ಮಾತಿಗೆ ಸಿಕ್ಕುತ್ತಿರಲಿಲ್ಲ. ಇಡೀ ಜವಾಬ್ದಾರಿಯಿಂದ ಓಡಿಹೋಗುವುದಕ್ಕೂ ಒಂದು ವಿಷಯದ ಮಟ್ಟಿಗೆ ಬದಿಗೆ ಸರಿಯುವುದಕ್ಕೂ ವ್ಯತ್ಯಾಸವುಂಟು. ನಮ್ಮ ಹಿರಿಯಣ್ಣನೂ ಉಳಿದ ಪಾಲುಗಳನ್ನೆಲ್ಲ ಮಾಡಿಕೊಟ್ಟು, ಆ ತಮ್ಮನ ತಕರಾರು ಬಂದಾಗ ಮಾತ್ರ, ‘ಇದನ್ನು ಅತ್ತಿಗೆಯ ತಮ್ಮ ನೋಡಲಿ, ನಾನು ವರಾಂಡದಲ್ಲಿರುತ್ತೇನೆ’ ಎಂದರೆ ಯಾರ ಗೌರವವೂ ಕುಂದುವುದಿಲ್ಲ. ನೀವು ಒಪ್ಪದಿರಬಹುದು. ಕಷ್ಟದ ದಿನ ಬಂದಾಗ ಮಾತ್ರ ಕುರ್ಚಿ ಬಿಡುವ ಅಧ್ಯಕ್ಷ ಎಂಥ ಅಧ್ಯಕ್ಷ ಎಂದು ನೀವು ಕೇಳಿದರೆ, ಆ ಪ್ರಶ್ನೆಯಲ್ಲಿ ತೂಕವಿದೆ.

ಬಿಡುವುದು, ಉಳಿಯುವುದು ಎಂಬ ಈ ಪ್ರಶ್ನೆ ಅದೇ ಮನೆಯಲ್ಲಿ ಮತ್ತೊಮ್ಮೆ ಬಂತು. ಹೆಗ್ಡೆಯವರ ಮಗ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿ ಕರ್ನಾಟಕದ ಲೋಕಾಯುಕ್ತರಾಗಿದ್ದರು. ಬೇಲೆಕೇರಿ ಬಂದರಿನ ಅದಿರಿನ ಪ್ರಕರಣದಲ್ಲಿ ಪ್ರಾಮಾಣಿಕ ಅಧಿಕಾರಿಯೊಬ್ಬರನ್ನು ಅಮಾನತು ಮಾಡಿದ್ದರಿಂದ ಬೇಸತ್ತು 2010ರ ಜೂನಿನಲ್ಲಿ ರಾಜೀನಾಮೆ ಕೊಟ್ಟರು. ತಂದೆ ಕೊಟ್ಟ ರಾಜೀನಾಮೆ ಹಿಂದೆ ಬರಲಿಲ್ಲ. ಮಗ ಕೊಟ್ಟದ್ದನ್ನು ಮುಂದಿನ ತಿಂಗಳು ಹಿಂತೆಗೆದುಕೊಂಡರು. ಆಗ ನಕ್ಕವರಿದ್ದರು. ಆದರೆ ಅವರು ಉಳಿದುದರಿಂದಲೇ 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಹೊರಬಂದು, ಆ ತಿಂಗಳ ಕೊನೆಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಹುದ್ದೆ ತೊರೆಯಬೇಕಾಯಿತು. ತಂದೆಗೆ ಉಳಿಯುವುದೆಂದರೆ ಅನ್ಯಾಯಕ್ಕೆ ಸಮ್ಮತಿ. ಮಗನಿಗೆ ಹೊರಡುವುದೆಂದರೆ ಅರ್ಧಕ್ಕೆ ನಿಂತ ಕೆಲಸ. ಒಂದೇ ಕಾಗದದ ಅರ್ಥ ಎರಡು ಕಾಲಗಳಲ್ಲಿ ಹೀಗೆ ತಿರುಗಿ ನಿಂತಿತು.

ರಾಜಕಾರಣಿಗಳ ಪಾಲಕ ಸಂತರೆಂದು 2000ದಲ್ಲಿ ಘೋಷಿಸಲ್ಪಟ್ಟ ಥಾಮಸ್ ಮೋರರೂ ಈ ಎರಡನ್ನೂ ಕಂಡವರು. 1523ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯ ಅಧ್ಯಕ್ಷರಾಗಿ, ಸದಸ್ಯರು ದಂಡನೆಯ ಭಯವಿಲ್ಲದೆ ಮಾತಾಡಲು ಅನುಮತಿ ಬೇಕೆಂದು ರಾಜನಲ್ಲಿ ಕೇಳಿದರು. 1532ರಲ್ಲಿ ಚಾನ್ಸೆಲರ್ ಹುದ್ದೆಯ ಮುದ್ರೆಯನ್ನು ಅದೇ ರಾಜನ ಕೈಗೆ ಮರಳಿಸಿದರು. ಹುದ್ದೆಯಲ್ಲಿದ್ದಾಗ ಅವರು ಪಾಷಂಡಿಗಳೆನಿಸಿದವರ ಮೇಲೆ ಕಠೋರರಾಗಿದ್ದರೆಂಬುದೂ ಚರಿತ್ರೆಯಲ್ಲಿದೆ. ಸಂತರೆಂದು ಅದನ್ನು ಮರೆಮಾಡುವ ಅಗತ್ಯವಿಲ್ಲ. ಪೀಠವನ್ನು ಸರಿಯಾಗಿ ಬಿಡಬಲ್ಲವರೆಲ್ಲ ಪೀಠದಲ್ಲಿ ಸರಿಯಾಗಿ ಕೂರಬಲ್ಲವರೇ ಆಗಿರಬೇಕಿಲ್ಲ.

ಹೆಗ್ಡೆಯವರ ಮುಂದಿನ ದಿನಗಳನ್ನು ಬೇಗನೆ ಹೇಳಬಹುದು. 1979ರ ಆಗಸ್ಟಿನಲ್ಲಿ ಲೋಕಸಭೆ ವಿಸರ್ಜನೆಯಾದರೂ ಹೊಸ ಸದನ ಸೇರುವವರೆಗೆ, 1980ರ ಜನವರಿಯ ತನಕ, ಅವರು ಅಧ್ಯಕ್ಷರಾಗಿ ಮುಂದುವರಿದರು. ಬಳಿಕ ಹೊಸದಾಗಿ ಹುಟ್ಟಿದ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಲ್ಲಿ ಒಬ್ಬರಾದರು. ಕುಮಾರಮಂಗಲಂ ಅವರ ವಾದವನ್ನು ನೆನೆದು, ‘ನೋಡಿ, ನ್ಯಾಯಾಧೀಶರು ಪಕ್ಷದವರೇ ಆಗಿದ್ದರಲ್ಲ’ ಎಂದವರಿಗೆ ಇದು ಅನುಕೂಲವಾಗಿ ಒದಗಿತು. ಪೀಠ ಬಿಟ್ಟ ಮೇಲಿನ ಬದುಕು ಪೀಠದಲ್ಲಿದ್ದಾಗಿನ ತೀರ್ಪುಗಳ ಮೇಲೆ ನೆರಳು ಚೆಲ್ಲುತ್ತದೆಯೆಂಬುದು ನಿಜ. ನಿವೃತ್ತಿಯಾದೊಡನೆ ಹುದ್ದೆಗಳನ್ನು ಸ್ವೀಕರಿಸುವ ಇಂದಿನವರಿಗೂ ಅದು ಅನ್ವಯಿಸುತ್ತದೆ. 1979ರಲ್ಲಿ ಅವರು ಸ್ಥಾಪಿಸಿದ ನಿಟ್ಟೆ ವಿದ್ಯಾಸಂಸ್ಥೆ ಕಾರ್ಕಳದ ಆ ಹಳ್ಳಿಯಿಂದ ಬೆಳೆದು, ಇಂದು ವಿಶ್ವವಿದ್ಯಾಲಯವಾಗಿದೆ. ಅವರು 1990ರ ಮೇ 24ರಂದು ತೀರಿಕೊಂಡರು.

ಇಂದಿರಾ ಗಾಂಧಿಯವರ ಪಕ್ಷ ಅಧಿಕಾರಕ್ಕೆ ಮರಳಿದ ಮೇಲೆ, 1981ರ ಮೇ 7ರಂದು ಏಳನೆಯ ಲೋಕಸಭೆಯು 1978ರ ಆ ನಿರ್ಣಯವನ್ನು ರದ್ದುಪಡಿಸಿತು. ಎಡನೀರು ಮಠದ ಸ್ವಾಮಿಗಳು 2020ರ ಸೆಪ್ಟೆಂಬರ್ 6ರವರೆಗೆ ಬದುಕಿದ್ದರು. ಅವರ ಹೆಸರಿನ ತೀರ್ಪು ಮಾತ್ರ ರದ್ದಾಗದೆ ಇಂದಿಗೂ ಉಳಿದಿದೆ. ಅದರಲ್ಲಿ ಹೆಗ್ಡೆಯವರ ಸಹಿಯೂ ಇದೆ.